ಮೈನಸ್ ನಲವತ್ತು ಡಿಗ್ರಿಯ ತಿಪಟೂರು

ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ ತಿಪಟೂರಿನ ಬಿ.ಎಚ್. ರಸ್ತೆಯ ಗ್ಯಾರೇಜೊಂದಕ್ಕೆ ಕೆಎ-44 ನಂಬರಿನ ಪೆಟ್ರೋಲ್ ಕಾರೊಂದು ಬಂತು ಅನ್ನಿ. ದೂರು ಎರಡು. ಕೀ ತಿರುಗಿಸಿದ ಕ್ಷಣದಿಂದ ರೇಡಿಯೇಟರ್ ಫ್ಯಾನ್ ಓಡಲು ಶುರುವಾದರೆ ನಿಲ್ಲುವುದೇ ಇಲ್ಲ. ಪೆಟ್ರೋಲು ಮೊದಲಿಗಿಂತ ಜಾಸ್ತಿ ಕುಡಿಯುತ್ತಿದೆ. ಮೀಟರಿನ ಪಕ್ಕ ಎಂಜಿನ್ ಚಿತ್ರದ ಹಳದಿ ದೀಪವೂ ಹತ್ತಿದೆ. ಮೇಸ್ತ್ರಿ ಸ್ಟಿಯರಿಂಗ್ ಕೆಳಗೆ ಕೈ ಹಾಕಿ, ಅಲ್ಲಿರುವ ಹದಿನಾರು ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಸಿಕ್ಕಿಸುತ್ತಾರೆ. ಪರದೆಯ ಮೇಲೆ ಕೂಲೆಂಟ್ ಉಷ್ಣಾಂಶ: ಮೈನಸ್ 40 ಡಿಗ್ರಿ ಸೆಲ್ಸಿಯಸ್.

ಸೈಬೀರಿಯಾದ ಚಳಿಗಾಲದ ಲೆಕ್ಕ ಇದು. ಹೊರಗೆ ನೋಡಿದರೆ ಡಾಂಬರು ಮೆತ್ತಗಾಗುವ ಬಿಸಿಲು. ಹಾಗಂತ ಕಾರಿನ ಕಂಪ್ಯೂಟರಿಗೆ ತಲೆ ಕೆಟ್ಟಿಲ್ಲ. ಕೂಲೆಂಟಿನಲ್ಲಿ ಮುಳುಗಿರುವ ಸೆನ್ಸರು ಒಂದು ಥರ್ಮಿಸ್ಟರ್. ಬಿಸಿಯಾದಷ್ಟೂ ಅದರ ವಿದ್ಯುತ್ ರೋಧ ಇಳಿಯುತ್ತದೆ, ತಣ್ಣಗಾದಷ್ಟೂ ಏರುತ್ತದೆ. ಸಾಮಾನ್ಯವಾಗಿ 20 ಡಿಗ್ರಿಯಲ್ಲಿ ಎರಡೂವರೆ ಸಾವಿರ ಓಮ್ ಆಸುಪಾಸು ಇದ್ದದ್ದು 90 ಡಿಗ್ರಿಗೆ ಬರುವಷ್ಟರಲ್ಲಿ ಇನ್ನೂರೈವತ್ತರ ಹತ್ತಿರ ಬಂದಿರುತ್ತದೆ. ಕಂಪ್ಯೂಟರು ನೀರನ್ನು ಮುಟ್ಟಿ ನೋಡುವುದಿಲ್ಲ. ತಂತಿಯ ಆ ತುದಿಯಲ್ಲಿ ಎಷ್ಟು ರೋಧವಿದೆ ಎಂದು ಅಳೆದು, ತನ್ನೊಳಗಿನ ಕೋಷ್ಟಕದಲ್ಲಿ ಅದಕ್ಕೆ ಸರಿಹೊಂದುವ ಉಷ್ಣಾಂಶವನ್ನು ಓದಿಕೊಳ್ಳುತ್ತದೆ. ತಂತಿಯೇ ತುಂಡಾಗಿದ್ದರೆ ರೋಧ ಅನಂತ. ಅನಂತ ರೋಧವೆಂದರೆ ಅನಂತ ಚಳಿ. ಕೋಷ್ಟಕದ ತೀರಾ ಕೆಳಗಿನ ಸಾಲಿನಲ್ಲಿ ಬರೆದಿರುವುದು ಮೈನಸ್ 40. (ಸೆಲ್ಸಿಯಸ್ ಮತ್ತು ಫ್ಯಾರನ್‌ಹೀಟ್ ಅಳತೆಗಳೆರಡೂ ಒಂದೇ ಅಂಕಿಯಲ್ಲಿ ಕೂಡುವುದು ಇದೊಂದೇ ಬಿಂದುವಿನಲ್ಲಿ. ಹಾಗಾಗಿ ಅಮೆರಿಕದ ಮೆಕ್ಯಾನಿಕ್ಕಿಗೂ ಕಾಣುವುದು ಇದೇ ಸಂಖ್ಯೆ.) ಎಂಜಿನ್ ಹೆಪ್ಪುಗಟ್ಟಿದೆಯೆಂದು ನಂಬಿದ ಕಂಪ್ಯೂಟರು ಪೆಟ್ರೋಲನ್ನು ಧಾರಾಳವಾಗಿ ಸುರಿಯುತ್ತದೆ. ಈ ಅಂಕಿಯ ಮೇಲೆ ಅನುಮಾನ ಬಂದ ಮರುಕ್ಷಣ, ಒಂದು ವೇಳೆ ಎಂಜಿನ್ ಕಾದಿದ್ದರೆ ಸುಟ್ಟುಹೋಗದಿರಲಿ ಎಂದು ಫ್ಯಾನನ್ನೂ ಹಾಕಿಬಿಡುತ್ತದೆ.

ಇನ್ನು ತಿಳಿಯಬೇಕಾದ್ದು ಒಂದೇ: ಕೆಟ್ಟಿರುವುದು ಸೆನ್ಸರೋ ತಂತಿಯೋ? ಅದಕ್ಕೆ ದುಬಾರಿ ಸಲಕರಣೆ ಬೇಡ. ಸೆನ್ಸರಿನ ಪ್ಲಗ್ ಕಿತ್ತು, ಪ್ಲಗ್ಗಿನ ಎರಡು ಪಿನ್ನುಗಳ ನಡುವೆ ಸಣ್ಣದೊಂದು ವೈರಿನ ತುಂಡು ಸೇರಿಸಿದರೆ ರೋಧ ಸೊನ್ನೆಗೆ ಇಳಿಯುತ್ತದೆ. ಪರದೆಯ ಅಂಕಿ ಒಮ್ಮೆಗೇ ನೂರಮೂವತ್ತಕ್ಕೋ ನೂರನಲವತ್ತಕ್ಕೋ ನೆಗೆದರೆ ತಂತಿ ನೆಟ್ಟಗಿದೆ, ಸೆನ್ಸರು ಹೋಗಿದೆ. ಮೈನಸ್ 40 ಕದಲದಿದ್ದರೆ ಸೆನ್ಸರ್ ಬದಲಾಯಿಸಿ ಪ್ರಯೋಜನವಿಲ್ಲ. ದಾರಿಯಲ್ಲೆಲ್ಲೋ ತಂತಿ ಕಡಿದಿದೆ. ತೆಂಗಿನ ಸೀಮೆಯ ಮೇಸ್ತ್ರಿಗೆ ಅದನ್ನು ಕಡಿದವರು ಯಾರೆಂಬ ಅಂದಾಜು ಆಗಲೇ ಇರುತ್ತದೆ. ಬಾನೆಟ್ ಎತ್ತಿ ಬ್ಯಾಟರಿಯ ಹಿಂದೆ ಟಾರ್ಚ್ ಬಿಡುತ್ತಾರೆ. ಕಾಯಿನಾರಿನ ಗೂಡು, ನಾಲ್ಕು ಹಿಕ್ಕೆ, ಕಡಿದುಳಿದ ಕೊಬ್ಬರಿ ಚೂರು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಲ್ಲಿ ಉಂಡೆ ಕೊಬ್ಬರಿಯಾಗಲು ಕಾಯಿ ಸಿಪ್ಪೆಯ ಸಮೇತ ಅಟ್ಟದ ಮೇಲೆ ಹೆಚ್ಚುಕಡಿಮೆ ವರ್ಷವೇ ಇರಬೇಕು. ಅಟ್ಟದಲ್ಲಿ ಕೊಬ್ಬರಿ, ಕೆಳಗಿನ ಶೆಡ್ಡಿನಲ್ಲಿ ಕಾರು. ಮೇಲೆ ಊಟ ಮುಗಿಸಿದ ಇಲಿಗೆ ರಾತ್ರಿಯ ಚಳಿಯಲ್ಲಿ ಇನ್ನೂ ಬೆಚ್ಚಗಿರುವ ಎಂಜಿನ್ನಿಗಿಂತ ಒಳ್ಳೆಯ ಜಾಗ ಎಲ್ಲಿ ಸಿಗಬೇಕು? ಹೊಸ ಕಾರುಗಳ ವೈರಿಗೆ ಸೋಯಾ ಎಣ್ಣೆ ಬೆರೆಸುತ್ತಾರೆ, ಅದಕ್ಕೇ ಇಲಿ ತಿನ್ನುತ್ತದೆ ಎಂಬ ಮಾತು ಗ್ಯಾರೇಜುಗಳಲ್ಲಿ ಓಡಾಡುತ್ತದೆ. ನನಗೇನೂ ಅದು ಒಪ್ಪಿಗೆಯಾಗಿಲ್ಲ. ಸೋಯಾದ ಹೆಸರೇ ಕೇಳದ ಅಂಬಾಸಿಡರ್ ಕಾಲದ ವೈರನ್ನೂ ಇಲಿಗಳು ಬಿಟ್ಟಿರಲಿಲ್ಲ. ಇಲಿಯ ಬಾಚಿಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ, ವರ್ಷಕ್ಕೆ ಹತ್ತು ಸೆಂಟಿಮೀಟರಿಗೂ ಹೆಚ್ಚು. ಏನನ್ನಾದರೂ ಕಡಿದು ಸವೆಸದಿದ್ದರೆ ಅದಕ್ಕೆ ಬದುಕೇ ಇಲ್ಲ. ಅದು ತಿನ್ನುತ್ತಿಲ್ಲ, ಹಲ್ಲು ಮಸೆಯುತ್ತಿದೆ.

ಸ್ಕ್ಯಾನರ್ ಕೊಟ್ಟ ದೋಷದ ಕೋಡನ್ನೇ ರೋಗವೆಂದು ತಿಳಿದು ಸೆನ್ಸರ್ ತರಿಸಿ ಹಾಕುವ ಗ್ಯಾರೇಜುಗಳೂ ಇವೆ. ಅಂಥಲ್ಲಿಗೆ ಹೋದ ಕಾರು ಹೊಸ ಸೆನ್ಸರಿನೊಂದಿಗೆ ಹಳೆಯ ಮೈನಸ್ 40 ಹೊತ್ತು ವಾಪಸು ಬರುತ್ತದೆ. ಕೋಡು ಹೇಳುವುದು ಕಂಪ್ಯೂಟರಿಗೆ ಏನು ಕಂಡಿತು ಎಂಬುದನ್ನು ಮಾತ್ರ. ಅದು ಹಾಗೇಕೆ ಕಂಡಿತು ಎಂಬುದಕ್ಕೆ ಉತ್ತರ ಬಹಳ ಸಲ ಕಾರಿನೊಳಗಿರುವುದೇ ಇಲ್ಲ. ಆ ಕಾರು ನಿಲ್ಲುವ ಶೆಡ್ಡಿನಲ್ಲಿ, ಕುಡಿಯುವ ನೀರಿನಲ್ಲಿ, ಓಡುವ ರಸ್ತೆಯಲ್ಲಿ ಇರುತ್ತದೆ.

ಅಷ್ಟಕ್ಕೂ ಸ್ಟಿಯರಿಂಗ್ ಕೆಳಗಿನ ಆ ಸಾಕೆಟ್ಟನ್ನು ಇಟ್ಟದ್ದು ಮೆಕ್ಯಾನಿಕ್ಕುಗಳ ಅನುಕೂಲಕ್ಕಲ್ಲ. ಅದರ ಹುಟ್ಟು ಲಾಸ್ ಏಂಜಲೀಸಿನ ಕೊಳಕು ಗಾಳಿಯಲ್ಲಿದೆ. ಆ ಊರಿನ ಕಣ್ಣುರಿಸುವ ಹೊಗೆಮಂಜಿಗೆ ಕಾರಿನ ಹೊಗೆ ಮತ್ತು ಬಿಸಿಲಿನ ಕೂಡಾಟವೇ ಕಾರಣವೆಂದು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟವರು ಆರೀ ಹಾಗೆನ್-ಸ್ಮಿತ್ ಎಂಬ ಡಚ್ ಮೂಲದ ರಸಾಯನ ವಿಜ್ಞಾನಿ. ಅದಕ್ಕೂ ಮುಂಚೆ ಅವರು ಅನಾನಸಿನ ಪರಿಮಳ ಎಲ್ಲಿಂದ ಬರುತ್ತದೆಂದು ಹುಡುಕುತ್ತಿದ್ದರು. ಮುಂದೆ ಕ್ಯಾಲಿಫೋರ್ನಿಯಾದ ವಾಯು ಮಂಡಳಿಗೆ ಅವರೇ ಮೊದಲ ಅಧ್ಯಕ್ಷರಾದರು. ಹೊಗೆ ನಿಯಂತ್ರಿಸುವ ಭಾಗಗಳು ಕೆಟ್ಟರೆ ಕಾರು ತಾನೇ ಬಾಯಿಬಿಟ್ಟು ಹೇಳಬೇಕು ಎಂಬ ನಿಯಮವನ್ನು ಆ ಮಂಡಳಿ 1988ರ ಮಾದರಿಗಳಿಂದ ತಂದಿತು. 1996ರಿಂದ ಅಮೆರಿಕದ ಎಲ್ಲ ಹೊಸ ಕಾರುಗಳಿಗೂ ಒಂದೇ ಸಾಕೆಟ್, ಒಂದೇ ಕೋಡು ಭಾಷೆ ಕಡ್ಡಾಯವಾಯಿತು. ಭಾರತದಲ್ಲಿ 2010ರ ಏಪ್ರಿಲ್‌ನಿಂದ ಇದರ ಮೊದಲ ಹಂತ, 2013ರ ಏಪ್ರಿಲ್‌ನಿಂದ ಎರಡನೆಯದು. ಹೊಗೆಗೆ ಸಂಬಂಧಪಡದ ಯಾವುದಕ್ಕೂ ಈ ಪದ್ಧತಿ ತಲೆ ಕೆಡಿಸಿಕೊಳ್ಳುವುದಿಲ್ಲ. ವೀಲ್ ಬೇರಿಂಗ್ ಕೂಗಿದರೂ, ಕ್ಲಚ್ ಪ್ಲೇಟ್ ಸುಟ್ಟರೂ, ಬುಶ್ ಸವೆದು ಗಾಡಿ ಎಡಕ್ಕೆ ಎಳೆದರೂ ಹಳದಿ ದೀಪ ಹತ್ತುವುದಿಲ್ಲ. ಗ್ಯಾರೇಜಿನ ದಿನನಿತ್ಯದ ದುಡಿಮೆಯಲ್ಲಿ ಬಹುಪಾಲು ಇಂಥದ್ದೇ.

ಹೊಗೆಯ ವಿಷಯದಲ್ಲೂ ಈ ಕೋಡಿನ ಸಾಕ್ಷಿ ಒಮ್ಮೊಮ್ಮೆ ಸತ್ಯಕ್ಕೆ ತಲೆಕೆಳಗಾಗಿ ನಿಲ್ಲುತ್ತದೆ. ಪೆಟ್ರೋಲ್ ಪೂರ್ತಿ ಉರಿಯಲು ಒಂದು ಕಿಲೋ ಪೆಟ್ರೋಲಿಗೆ ಹದಿನಾಲ್ಕು ಮುಕ್ಕಾಲು ಕಿಲೋದಷ್ಟು ಗಾಳಿ ಬೇಕು. ಈ ಅಳತೆ ಸರಿಯಿದೆಯೇ ಎಂದು ನೋಡಲು ಸೈಲೆನ್ಸರ್ ಪೈಪಿನ ಮೊದಲಲ್ಲೇ ಒಂದು ಆಮ್ಲಜನಕ ಸೆನ್ಸರ್ ಇರುತ್ತದೆ. ಅದಕ್ಕೆ ಪೆಟ್ರೋಲ್ ಕಾಣುವುದಿಲ್ಲ, ಉರಿದ ಮೇಲೆ ಉಳಿದ ಆಮ್ಲಜನಕ ಮಾತ್ರ ಕಾಣುತ್ತದೆ. ಈಗ ಒಂದು ಸ್ಪಾರ್ಕ್ ಪ್ಲಗ್ ಸತ್ತಿದೆ ಎಂದುಕೊಳ್ಳಿ. ಆ ಸಿಲಿಂಡರಿನ ಗಾಳಿಯೂ ಪೆಟ್ರೋಲೂ ಉರಿಯದೆ ಹಾಗೇ ಹೊರಬೀಳುತ್ತವೆ. ಸೆನ್ಸರಿಗೆ ಕಂಡದ್ದು ಸಿಕ್ಕಾಪಟ್ಟೆ ಆಮ್ಲಜನಕ. ಅದು ಕೊಡುವ ವರದಿ: ಗಾಳಿ ಹೆಚ್ಚು, ಪೆಟ್ರೋಲ್ ಸಾಲದು. ಕಂಪ್ಯೂಟರ್ ವಿಧೇಯವಾಗಿ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಗಾಡಿಯ ಹಿಂದೆ ನಿಂತವರ ಮೂಗಿಗೆ ಹಸಿ ಪೆಟ್ರೋಲ್ ವಾಸನೆ ಹೊಡೆಯುತ್ತಿದ್ದರೆ ಪರದೆಯ ಮೇಲೆ ‘ಪೆಟ್ರೋಲ್ ಸಾಲದು’ ಎಂಬ ಕೋಡು! ಸೈಲೆನ್ಸರಿನ ಮೊದಲ ಜೋಡಣೆಯಲ್ಲಿ ಕೂದಲೆಳೆಯ ಬಿರುಕು ಬಿಟ್ಟು ಹೊರಗಿನ ಗಾಳಿ ಒಳಗೆ ಸೇರಿದರೂ ಇದೇ ನಾಟಕ ನಡೆಯುತ್ತದೆ. ಇಲ್ಲಿ ಪರದೆಗಿಂತ ಮೂಗನ್ನು ನಂಬುವುದು ವಾಸಿ.

ಮೂಗು ಮಾಡುವುದಕ್ಕಿಂತ ಹೆಚ್ಚಿನ ಕೆಲಸ ಮಾಡುವುದು ಅಂಗೈ ಮತ್ತು ಕಿವಿ. “ಗಾಡಿ ಮಿಸ್ ಹೊಡೀತೈತೆ ಅಣ್ಣ” ಎಂದು ಗಿರಾಕಿ ಹೇಳಿದರೆ ಮೇಸ್ತ್ರಿ ಮೊದಲು ಮಾಡುವುದು ಬಾನೆಟ್ ಮೇಲೆ ಅಂಗೈ ಇಡುವುದು. ಅದಕ್ಕೆ ಗಟ್ಟಿ ಲೆಕ್ಕವಿದೆ. ನಾಲ್ಕು ಸಿಲಿಂಡರಿನ ಎಂಜಿನ್ ನಿಂತಲ್ಲೇ ನಿಮಿಷಕ್ಕೆ 800 ಸುತ್ತು ತಿರುಗುತ್ತಿದೆ ಅನ್ನೋಣ. ಎರಡು ಸುತ್ತಿಗೊಮ್ಮೆ ಒಂದು ಸಿಲಿಂಡರು ಸಿಡಿಯುತ್ತದೆ. ಅಂದರೆ ತಲಾ 400, ನಾಲ್ಕೂ ಸೇರಿ ನಿಮಿಷಕ್ಕೆ 1600 ಸಿಡಿತ, ಸೆಕೆಂಡಿಗೆ ಸುಮಾರು 27. ಈ ಗುಂಯ್‌ಗುಡುವಿಕೆ ಕಿವಿಗೆ ಕೇಳುತ್ತದೆ. ಒಂದು ಸಿಲಿಂಡರು ಸತ್ತರೆ ಬೀಳುವ ಖಾಲಿ ಮಾತ್ರ ಸೆಕೆಂಡಿಗೆ ಆರೇಳು ಸಲ. ಮನುಷ್ಯನ ಕಿವಿ ಸೆಕೆಂಡಿಗೆ ಇಪ್ಪತ್ತಕ್ಕಿಂತ ಕಡಿಮೆ ಕಂಪನವನ್ನು ಸದ್ದಾಗಿ ಹಿಡಿಯಲಾರದು, ಚರ್ಮ ಹಿಡಿಯುತ್ತದೆ. ಕಿವಿಗೆ ತಪ್ಪಿಹೋಗಬಹುದಾದ ಕುಂಟು ಅಂಗೈಗೆ ಗೊತ್ತಾಗುವುದು ಹೀಗೆ.

ಯಾವ ಸಿಲಿಂಡರು ಎಂದು ಪತ್ತೆಹಚ್ಚಲು ಮಾರುತಿ 800ರ ಕಾರ್ಬುರೇಟರ್ ದಿನಗಳಲ್ಲಿ ಪ್ಲಗ್ ವೈರನ್ನು ಒಂದೊಂದಾಗಿ ಎಳೆಯುತ್ತಿದ್ದರು. ಈಗ ಇಂಜೆಕ್ಟರಿನ ಸಾಕೆಟ್ ಬಿಚ್ಚುತ್ತಾರೆ. ಬಿಚ್ಚಿದಾಗ ಎಂಜಿನ್ ಇನ್ನೂ ಹೆಚ್ಚು ಕುಂಟಿದರೆ ಆ ಸಿಲಿಂಡರು ಆರೋಗ್ಯವಾಗಿದೆ. ಬಿಚ್ಚಿದರೂ ಏನೂ ವ್ಯತ್ಯಾಸವಾಗದಿದ್ದರೆ ಅದು ಮೊದಲೇ ಸತ್ತಿತ್ತು. ಕೆಟ್ಟದ್ದನ್ನು ಹುಡುಕಲು ಒಳ್ಳೆಯದನ್ನೆಲ್ಲ ಒಂದೊಂದಾಗಿ ನಿಲ್ಲಿಸಿ ನೋಡುವ ಈ ಉಪಾಯ ನನಗೆ ಗ್ಯಾರೇಜಿನ ಅತ್ಯಂತ ಚೆಲುವಾದ ಪ್ರಯೋಗ ಅನ್ನಿಸುತ್ತದೆ.

ಟಕಟಕ ಸದ್ದಿನದು ಬೇರೆ ಲೆಕ್ಕ. ವಾಲ್ವುಗಳನ್ನು ಒತ್ತುವ ಕ್ಯಾಮ್‌ಶಾಫ್ಟ್ ತಿರುಗುವುದು ಕ್ರ್ಯಾಂಕಿನ ಅರ್ಧ ವೇಗದಲ್ಲಿ. ಆದ್ದರಿಂದ ಒಂದು ಟ್ಯಾಪೆಟ್ ಸಡಿಲವಾದರೆ 800 ಸುತ್ತಿಗೆ 400 ಟಕ್. ಕೆಳಗಿನ ಕನೆಕ್ಟಿಂಗ್ ರಾಡ್ ಬೇರಿಂಗ್ ಸವೆದಿದ್ದರೆ ಸುತ್ತಿಗೊಂದರಂತೆ, ಅಂದರೆ ಅದರ ಎರಡರಷ್ಟು, ದಪ್ಪ ದನಿಯ ಗುದ್ದು. ಮೊದಲನೆಯದು ಅರ್ಧ ಗಂಟೆಯ ಕೆಲಸ, ಎರಡನೆಯದಕ್ಕೆ ಎಂಜಿನ್ನನ್ನೇ ಇಳಿಸಬೇಕು. ಸದ್ದು ಎಲ್ಲಿಂದ ಬರುತ್ತಿದೆ ಎಂದು ಹುಡುಕಲು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ ಮೇಲಿಟ್ಟು ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಒತ್ತುತ್ತಾರೆ. ಲೋಹದ ಕಂಪನ ಗಾಳಿಗೆ ದಾಟುವಾಗ ಬಹುತೇಕ ಅಲ್ಲೇ ಪ್ರತಿಫಲನವಾಗಿ ಉಳಿಯುತ್ತದೆ. ಉಕ್ಕಿನಿಂದ ನೇರ ಎಲುಬಿಗೆ ದಾಟಿಸಿದರೆ ಆ ನಷ್ಟ ತಪ್ಪುತ್ತದೆ. ಸುತ್ತಲಿನ ಗದ್ದಲವೂ ಬದಿಗೆ ಸರಿಯುತ್ತದೆ. ಫ್ರಾನ್ಸಿನ ವೈದ್ಯ ಲೆನೆಕ್ 1816ರಲ್ಲಿ ಕಾಗದದ ಸುರುಳಿಯನ್ನು ರೋಗಿಯ ಎದೆಗಿಟ್ಟು ಸ್ಟೆತೊಸ್ಕೋಪಿಗೆ ನಾಂದಿ ಹಾಡಿದರು. ತಿಪಟೂರಿನವರಿಗೆ ಈ ಕಿವಿಯ ವಿದ್ಯೆ ಹೇಳಿಕೊಡಬೇಕಿಲ್ಲ. ಅಟ್ಟದ ಕಾಯನ್ನು ಕಿವಿಯ ಹತ್ತಿರ ಅಲುಗಿಸಿ, ನೀರು ಇಂಗಿ ಚಿಪ್ಪು ಬಿಟ್ಟ ಉಂಡೆ ಒಳಗೆ ಲೊಟಲೊಟ ಅಂದರೆ ಸುಲಿಯಬಹುದು, ಇಲ್ಲದಿದ್ದರೆ ಇನ್ನೂ ಬೇಕು ಎಂದು ತೀರ್ಮಾನಿಸುವ ರೈತ ಮಾಡುತ್ತಿರುವುದೂ ಒಡೆಯದೆ ಒಳಗನ್ನು ತಿಳಿಯುವ ಇದೇ ಕೆಲಸವನ್ನು.

ಬೇಸಿಗೆಯಲ್ಲಿ ಗ್ಯಾರೇಜಿಗೆ ಬರುವ ದೊಡ್ಡ ದೂರು ಮಾತ್ರ ಹೀಟು. ಇದಕ್ಕೆ ಸ್ವಲ್ಪ ನಿಧಾನವಾಗಿಯೇ ಕೂರಬೇಕು.

ತಿಪಟೂರು ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು ಕುದಿಯುವುದು ನೂರು ಡಿಗ್ರಿಯಲ್ಲಲ್ಲ, ಸುಮಾರು 97ರಲ್ಲಿ. ಗಾಳಿಯ ಒತ್ತಡ ಕಡಿಮೆಯಾದಷ್ಟೂ ನೀರಿನ ಅಣುಗಳಿಗೆ ಹಾರಿಹೋಗುವುದು ಸುಲಭ. ಎಂಜಿನ್ ಆರಾಮವಾಗಿ ಕೆಲಸ ಮಾಡುವ ಉಷ್ಣಾಂಶ 90ರ ಆಸುಪಾಸು. ಏರು ಹತ್ತುವಾಗ, ಲೋಡಿದ್ದಾಗ ನೂರನ್ನೂ ದಾಟಬಹುದು. ಹಾಗಿದ್ದೂ ಕುದಿಯದಿರುವುದು ರೇಡಿಯೇಟರ್ ಮುಚ್ಚಳದ ಕೃಪೆ. ಅದರೊಳಗಿನ ಸ್ಪ್ರಿಂಗು ಮತ್ತು ರಬ್ಬರು ಹೊರಗಿನ ಒತ್ತಡದ ಮೇಲೆ ಇನ್ನೂ ಸುಮಾರು 0.9 ಬಾರ್ ಒತ್ತಡವನ್ನು ಒಳಗೇ ಹಿಡಿದಿಡುತ್ತವೆ. ಆಗ ತಿಪಟೂರಿನಲ್ಲೂ ಬರೀ ನೀರು ಕುದಿಯಲು 117 ಡಿಗ್ರಿಯವರೆಗೆ ಕಾಯಬೇಕು. ಮುಚ್ಚಳದ ರಬ್ಬರು ಬಿರುಕು ಬಿಟ್ಟಿತೋ, ಆ ಇಪ್ಪತ್ತು ಡಿಗ್ರಿಯ ರಕ್ಷಣೆ ಮಾಯ. ಎಂಜಿನ್ನಿಗೂ ಕುದಿತಕ್ಕೂ ನಡುವೆ ಉಳಿದದ್ದು ಏಳೇ ಡಿಗ್ರಿ. ಮಂಗಳೂರಿನಲ್ಲಿ ಹೇಗೋ ನಿಭಾಯಿಸಿಕೊಂಡಿದ್ದ ಮುಚ್ಚಳ ಚಾರ್ಮಾಡಿ ಹತ್ತಿ ಈ ಕಡೆ ಬಂದ ಮೇಲೆ ಕೈಕೊಟ್ಟರೆ ಆಶ್ಚರ್ಯವಿಲ್ಲ. ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದು ಎಂಜಿನ್ ಬಿಚ್ಚುವ ಮುನ್ನ ಬಲ್ಲವರು ಮುಚ್ಚಳ ತಿರುಗಿಸಿ ರಬ್ಬರು ನೋಡುತ್ತಾರೆ. ಅದೂ ಎಂಜಿನ್ ಪೂರ್ತಿ ಆರಿದ ಮೇಲೆ. ಬಿಸಿಯಲ್ಲೇ ಮುಚ್ಚಳ ತೆಗೆದರೆ ಒತ್ತಡ ಒಮ್ಮೆಗೇ ಬಿದ್ದು, 110 ಡಿಗ್ರಿಯ ನೀರು ಕ್ಷಣದಲ್ಲಿ ಹಬೆಯಾಗಿ ಮುಖಕ್ಕೆ ಚಿಮ್ಮುತ್ತದೆ.

ಮುಚ್ಚಳ ಸರಿಯಿದ್ದರೆ ಮುಂದಿನದು ಒಂದು ಪ್ರಶ್ನೆ: “ಎಲ್ಲಿ ಹೀಟಾಗ್ತೈತೆ ಗೌಡ್ರೆ, ಟೌನಲ್ಲೋ ಮೈನ್ ರೋಡಲ್ಲೋ?” ಸಂತೆ ಬೀದಿಯಲ್ಲಿ ತೆವಳುವಾಗ ಕಾದು, ಹೆದ್ದಾರಿಯಲ್ಲಿ ಸರಿಹೋದರೆ ಫ್ಯಾನಿನ ಮೇಲೆ ಅನುಮಾನ; ಓಡುವಾಗ ಎದುರುಗಾಳಿಯೇ ಫ್ಯಾನಿನ ಕೆಲಸ ಮಾಡಿಬಿಡುತ್ತದೆ. ಊರೊಳಗೆ ಸುಮ್ಮನಿದ್ದು, ಕೆ.ಬಿ. ಕ್ರಾಸ್ ದಾಟಿ ವೇಗ ಹಿಡಿದ ಮೇಲೆ ಕಾದರೆ ಗಾಳಿಯೋ ನೀರೋ ಸಾಕಷ್ಟು ಹರಿಯುತ್ತಿಲ್ಲ.

ನೀರು ಯಾಕೆ ಹರಿಯುತ್ತಿಲ್ಲ? ತೋಟದ ಬೋರಿನ ನೀರನ್ನೇ ಕೊಡದಲ್ಲಿ ತಂದು ರೇಡಿಯೇಟರಿಗೆ ಸುರಿಯುವುದು ಇಲ್ಲಿನ ಹಳೆಯ ಅಭ್ಯಾಸ. ಆಳದ ಕಲ್ಲುಬಂಡೆಯ ನಡುವಿನಿಂದ ಬಂದ ಆ ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕರಗಿರುತ್ತದೆ. ಕಾಯಿಸಿದರೆ ಅದು ಒಡೆದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ, ಅಂದರೆ ಸುಣ್ಣದ ಕಲ್ಲಾಗಿ, ಅತಿ ಬಿಸಿ ಇರುವ ಜಾಗಕ್ಕೇ ಅಂಟಿ ನೀರಿನ ದಾರಿಯನ್ನು ಕಿರಿದಾಗಿಸುತ್ತದೆ. ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಪದರವೂ ಇದೇ. ಅಲ್ಯೂಮಿನಿಯಂ ಸಾಗಿಸುವ ಶಾಖದಲ್ಲಿ ನೂರರಲ್ಲಿ ಒಂದೆರಡು ಪಾಲಿಗಿಂತ ಹೆಚ್ಚು ಸಾಗಿಸಲು ಈ ಸುಣ್ಣಕ್ಕೆ ಸಾಧ್ಯವಿಲ್ಲ. ಹಾಳೆಯಷ್ಟು ದಪ್ಪ ಕಟ್ಟಿದರೆ ಸಾಕು, ಸಿಲಿಂಡರಿನ ಬಿಸಿ ನೀರಿಗೆ ಸರಿಯಾಗಿ ದಾಟುವುದಿಲ್ಲ. ಕೂಲೆಂಟ್ ದುಬಾರಿ ಎನ್ನುವವರು ಕನಿಷ್ಠ ಡಿಸ್ಟಿಲ್ಡ್ ವಾಟರ್ ತರಲಿ; ಅದಕ್ಕೂ ತುಕ್ಕು ತಡೆಯುವ ಶಕ್ತಿ ಇಲ್ಲವಾದರೂ ಕಲ್ಲಂತೂ ಕಟ್ಟುವುದಿಲ್ಲ.

ಗಾಳಿ ಯಾಕೆ ಹರಿಯುತ್ತಿಲ್ಲ ಎಂಬುದಕ್ಕೆ ಇಲ್ಲಿನ ಉತ್ತರ ನಾರು. ನಾರಿನ ಮಿಲ್ಲುಗಳ ಅಕ್ಕಪಕ್ಕ ಓಡಾಡುವ ಗಾಡಿಗಳ ಮುಂಭಾಗಕ್ಕೆ ಸಿಪ್ಪೆಯ ಪುಡಿ ಮತ್ತು ಸಣ್ಣ ಎಳೆಗಳು ಬಡಿಯುತ್ತಲೇ ಇರುತ್ತವೆ. ಮುಂದೆ ಎ.ಸಿ. ಕಂಡೆನ್ಸರ್, ಅದರ ಹಿಂದೆ ಬೆರಳಷ್ಟು ಸಂದು ಬಿಟ್ಟು ರೇಡಿಯೇಟರ್. ಸಣ್ಣ ಎಳೆ ಮೊದಲನೆಯದರ ರೆಕ್ಕೆಗಳ ನಡುವೆ ನುಸುಳಿ, ಎರಡನೆಯದರ ಮುಖಕ್ಕೆ ಕೂತು, ದಿನಕ್ಕೊಂದಿಷ್ಟು ಸೇರಿ ದಪ್ಪ ಕಂಬಳಿಯಾಗುತ್ತದೆ. ಹೊರಗಿನಿಂದ ಬಗ್ಗಿ ನೋಡಿದರೆ ಎಲ್ಲ ಶುಭ್ರ. ಮುಂದಿನಿಂದ ಪೈಪಿನಲ್ಲಿ ನೀರು ಹೊಡೆದರೆ ಕಂಬಳಿ ಇನ್ನೂ ಒಳಕ್ಕೆ ಒತ್ತಿಕೊಳ್ಳುತ್ತದೆ. ಎರಡನ್ನೂ ಬಿಡಿಸಿ, ಎಂಜಿನ್ ಕಡೆಯಿಂದ ಹೊರಮುಖವಾಗಿ ಮೆಲ್ಲಗೆ ನೀರು ಹಾಯಿಸಬೇಕು. ಬೇರೆ ಊರಿನಿಂದ ವರ್ಗವಾಗಿ ಬಂದವರ ಕಾರಿನಲ್ಲಿ ಇದು ಕಾಣಿಸಿಕೊಳ್ಳಲು ಒಂದು ಬೇಸಿಗೆ ಬೇಕು.

ಏರ್ ಫಿಲ್ಟರಿಗೂ ಊರಿನ ಗುರುತು ಹತ್ತುತ್ತದೆ. ಚಿಕ್ಕನಾಯಕನಹಳ್ಳಿಯ ಗಣಿಗಳಿಂದ ಅದಿರಿನ ಲಾರಿಗಳು ಸಾಲುಗಟ್ಟಿ ಹೋಗುತ್ತಿದ್ದ ವರ್ಷಗಳಲ್ಲಿ ಆ ರಸ್ತೆಯ ಗಾಡಿಗಳ ಫಿಲ್ಟರಿನಲ್ಲಿ ಕಬ್ಬಿಣದ ಕೆಂಪು ಧೂಳು. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತುಮಕೂರು ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಬಣ್ಣ ತಿಳಿಯಾಯಿತು. ಫಿಲ್ಟರ್ ಕಟ್ಟಿದರೆ ಮೈಲೇಜ್ ಬೀಳುತ್ತದೆ ಎಂಬುದು ಎಲ್ಲರ ಬಾಯಲ್ಲೂ ಇರುವ ಮಾತು. ಇಂಜೆಕ್ಷನ್ ಇರುವ ಪೆಟ್ರೋಲ್ ಕಾರುಗಳ ಮಟ್ಟಿಗೆ ಅದು ಅಷ್ಟು ನಿಜವಲ್ಲ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಅಳೆದು ನೋಡಿದಾಗ ಮೈಲೇಜ್ ಹೆಚ್ಚುಕಡಿಮೆ ಹಾಗೇ ಇತ್ತು, ಕುಗ್ಗಿದ್ದು ಪಿಕಪ್. ಬಂದ ಗಾಳಿಗೆ ತಕ್ಕಷ್ಟೇ ಪೆಟ್ರೋಲನ್ನು ಕಂಪ್ಯೂಟರು ಅಳೆದು ಕೊಡುವುದರಿಂದ ಹೀಗೆ.

2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಗಾಡಿಗಳು ಹೊಸದೊಂದು ಕಾಯಿಲೆ ತಂದಿವೆ. ಇವುಗಳ ಸೈಲೆನ್ಸರಿನಲ್ಲಿ ಮಸಿ ಹಿಡಿಯುವ ಫಿಲ್ಟರಿದೆ. ಹಿಡಿದ ಮಸಿಯನ್ನು ಗಾಡಿ ತಾನೇ ಆಗಾಗ 600 ಡಿಗ್ರಿಯ ಹತ್ತಿರ ಕಾಯಿಸಿ ಸುಟ್ಟುಕೊಳ್ಳಬೇಕು. ಅದಕ್ಕೆ ಹತ್ತಿಪ್ಪತ್ತು ನಿಮಿಷ ಒಂದೇ ಸಮನೆ ಓಡುವುದು ಅಗತ್ಯ. ತೋಟದಿಂದ ಸೊಸೈಟಿ, ಸೊಸೈಟಿಯಿಂದ ಟೌನು, ಅಲ್ಲಿಂದ ಮತ್ತೆ ತೋಟ, ಹೀಗೆ ಐದಾರು ಕಿಲೋಮೀಟರಿಗೊಮ್ಮೆ ನಿಲ್ಲುವ ಗಾಡಿಗೆ ಆ ಪುರುಸೊತ್ತೇ ಸಿಗದು. ಸುಡಲು ಶುರುಮಾಡುತ್ತದೆ, ಅಷ್ಟರಲ್ಲಿ ಕೀ ಆಫ್. ಬಿಸಿ ಏರಿಸಲೆಂದು ಕಂಪ್ಯೂಟರು ಸಿಂಪಡಿಸಿದ ಹೆಚ್ಚುವರಿ ಡೀಸೆಲ್ ಉರಿಯದೆ ಸಿಲಿಂಡರಿನ ಗೋಡೆಯಿಂದ ಕೆಳಗಿಳಿದು ಎಂಜಿನ್ ಆಯಿಲಿಗೆ ಸೇರುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿದ ಯಜಮಾನರಿಗೆ ಖುಷಿ: ಎಷ್ಟು ಓಡಿಸಿದರೂ ಆಯಿಲ್ ಇಳಿದಿಲ್ಲ, ಒಂದು ಗೆರೆ ಏರಿದೆ! ಆ ಏರಿದ ಗೆರೆಯೇ ರೋಗ. ಡೀಸೆಲ್ ಬೆರೆತು ತೆಳುವಾದ ಆಯಿಲ್ ಬೇರಿಂಗುಗಳನ್ನು ಕಾಯಲಾರದು.

ಫಿಲ್ಟರಿನ ದೀಪ ಹತ್ತಿ ಬಂದ ಇಂಥ ಗಾಡಿಗೆ, ಮಸಿ ಇನ್ನೂ ಮಿತಿ ಮೀರದಿದ್ದರೆ, ಮೇಸ್ತ್ರಿ ಆಯಿಲ್ ಬದಲಾಯಿಸಿ ಹೇಳುವ ಮದ್ದು ಇಷ್ಟೇ: “ಅರವತ್ತರ ಮೇಲೆ ಹಿಡ್ಕಂಡು, ಎಲ್ಲೂ ನಿಲ್ಲಿಸ್ದೆ ಅರಸೀಕೆರೆಗೆ ಹೋಗ್ಬನ್ನಿ.” ಹೋಗಿ ಬರುವಷ್ಟರಲ್ಲಿ ದೀಪ ಆರಿರುತ್ತದೆ. ಕಷ್ಟ ಬರುವುದು ಬಿಲ್ ಬರೆಯುವಾಗ. ಆಯಿಲ್ಲಿಗೆ ರೇಟಿದೆ, ಆಯಿಲ್ ಫಿಲ್ಟರಿಗೆ ರೇಟಿದೆ. ದುಬಾರಿಯಾದ ಹೊಸ ಮಸಿ ಫಿಲ್ಟರು ಬೇಕಾಗಿಲ್ಲ ಎಂದು ಕಂಡುಕೊಂಡದ್ದಕ್ಕೆ ಎಷ್ಟು ಹಾಕುವುದು? “ಬರೀ ಓಡಿಸ್ಕಂಡ್ ಬಾ ಅಂದಿದ್ಕೆ ಕಾಸಾ ಅಣ್ಣ?” ಎಂದು ಗಿರಾಕಿ ಕೇಳಿಯೇ ಕೇಳುತ್ತಾರೆ. ಸೆನ್ಸರ್ ಮೇಲೆ ಸೆನ್ಸರ್ ಬದಲಾಯಿಸುವ ಗ್ಯಾರೇಜುಗಳಿಗೆ ಈ ತಾಪತ್ರಯ ಇಲ್ಲ.